ಅಮ್ಮನ ಅಡುಗೆಮನೆ ಮೇಜಿನ ಕಲಮು

ನನ್ನ ಗಂಡ ನಾರ್ಬ್ ಜಾಸ್ಟ್ರೋ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿದರೆ ನಿಮಗೆ ಹಾಗನ್ನಿಸಬಹುದು. ಹಿಮ ಬಿದ್ದ ಬೆಳಿಗ್ಗೆ ನಮ್ಮ ಅಂಗಳದ ಜೊತೆ ಪಕ್ಕದ ಮನೆಯವರ ಕಾಲುದಾರಿಯನ್ನೂ ಬಾಚಿ ಬರುವ ಮನುಷ್ಯ ಅವನು. ಐಸ್ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಜೀವಮಾನ ದುಡಿದ. ಚರ್ಚಿನ ಶುಕ್ರವಾರದ ಮೀನೂಟಕ್ಕೆ ಕೆಲಸದ ಕೈ ಸಾಲದೆ ಹೋದರೆ ಇವನನ್ನೇ ಕರೆಯುತ್ತಾರೆ, ಇವನೂ ಬಾಣಲೆಯ ಮುಂದೆ ನಿಂತು ಬೆವರು ಸುರಿಸುತ್ತಾನೆ. ಆದರೆ ಹೊಟ್ಟೆಕಿಚ್ಚು ಅನ್ನುವುದು ಇದೆಯಲ್ಲ, ಅದು ಒಳ್ಳೆಯವರು ಯಾರು ಕೆಟ್ಟವರು ಯಾರು ಅಂತ ವಿಚಾರಿಸಿಕೊಂಡು ಬರುವುದಿಲ್ಲ. ಬಂದರೆ ಬಂತು. ನಾರ್ಬ್‌ಗೆ ಅರವತ್ತು ದಾಟಿದ ಮೇಲೆ ಬಂತು, ಬಂದದ್ದು ಹೋಗಲೊಲ್ಲೆ ಅಂತ ಕೂತಿತು.

ಅವನ ಅಪ್ಪ ಹಾರ್ಲನ್ ಜಾಸ್ಟ್ರೋ ನಮ್ಮ ಮ್ಯಾನಿಟೊವಾಕ್ ಬಂದರಿನಿಂದ ಸರೋವರ ದಾಟಿ ರೈಲು ಡಬ್ಬಿ ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದ. ನಾರ್ಬ್ ಇನ್ನೂ ಮೂರನೆಯ ಕ್ಲಾಸಿನಲ್ಲಿದ್ದಾಗ, ನವೆಂಬರಿನ ಒಂದು ಗಾಳಿಯ ದಿನ, ಹಾರ್ಲನ್ ಹಡಗಿನಿಂದ ನೀರಿಗೆ ಬಿದ್ದ. ಹೆಣ ಸಿಗಲಿಲ್ಲ. ನವೆಂಬರಿನಲ್ಲಿ ಮಿಶಿಗನ್ ಸರೋವರ ಯಾರನ್ನೂ ಹಿಂದಕ್ಕೆ ಕೊಡುವುದಿಲ್ಲ. ಆಮೇಲೆ ಆ ಮನೆಯಲ್ಲಿ ಉಳಿದದ್ದು ಅಮ್ಮ ಎಲ್ಡೋರಾ, ಮಗ ನಾರ್ಬ್, ಗೋಡೆಯ ಮೇಲೆ ಕೆಂಪು ಗಡ್ಡದ ಹಾರ್ಲನ್‌ನ ಪಟ. ಎಲ್ಡೋರಾ ಶಾಲೆಯ ಅಡುಗೆಮನೆಯಲ್ಲಿ ದುಡಿದು ಮಗನನ್ನು ಬೆಳೆಸಿದಳು, ಮತ್ತೆ ಮದುವೆಯಾಗಲಿಲ್ಲ. 'ಎಂಥಾ ಪತಿವ್ರತೆ' ಅಂತ ಊರೆಲ್ಲ ಹೊಗಳಿತು. ಹೊಗಳುವಾಗ ಆಕೆ ಬರೀ ಕಾಫಿ ಬಗ್ಗಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಅಪ್ಪನಿಲ್ಲದ ಆ ಹುಡುಗ ದೊಡ್ಡವನಾಗಿ ಒಂದು ಆಟ ಕಟ್ಟಿದ. ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ; ನಮ್ಮ ವಿಸ್ಕಾನ್ಸಿನ್ ಕಡೆ ಚಳಿಗಾಲದಲ್ಲಿ ನೆಲಮಾಳಿಗೆಯಲ್ಲಿ ಕೂತು ಜನ ಮಾಡುವುದೇ ಇದನ್ನು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಕಷ್ಟದ ಗಳಿಗೆ ಬಂದಾಗ ದಾಳ ಹಾಕುತ್ತಾರೆ, ದಾಳ ಹೇಳಿದ್ದಾಗುತ್ತದೆ. ಗೆದ್ದವರಿಲ್ಲ, ಸೋತವರಿಲ್ಲ. ನಾರ್ಬ್‌ನ ಆಟದ ಹೆಸರು 'ಮುಳುಗಿದ ಊರು'. ಸರೋವರದ ತಳದಲ್ಲಿ ಒಂದು ಊರಿದೆ, ಮುಳುಗಿದವರೆಲ್ಲ ಅಲ್ಲಿ ಕಂದೀಲು ಹಚ್ಚಿಕೊಂಡು ಬದುಕಿದ್ದಾರೆ, ಮೇಲಿನವರು ಅವರನ್ನು ಹುಡುಕಿಕೊಂಡು ಇಳಿಯುತ್ತಾರೆ. ಆ ಊರಿಗೊಬ್ಬ ಬಂದರಿನ ಯಜಮಾನ: ಎತ್ತರದ ಆಳು, ಮಾತು ಕಮ್ಮಿ, ನ್ಯಾಯವಂತ, ಕೆಂಪು ಗಡ್ಡ. ಅವನು ಯಾರು ಅಂತ ನಮಗೆಲ್ಲ ಗೊತ್ತಿತ್ತು. ಯಾರೂ ಹೇಳುತ್ತಿರಲಿಲ್ಲ.

ಗೊತ್ತಿದ್ದೂ ಆಡದಿದ್ದವಳು ಒಬ್ಬಳೇ, ಎಲ್ಡೋರಾ. ಮಗ ಎಷ್ಟು ಸಲ ಕರೆದನೋ! ಆಕೆಗೆ ಇಸ್ಪೀಟೆಂದರೆ ಪ್ರಾಣ; ಚರ್ಚು ಮುಗಿಸಿ ಬಂದರೆ ಆ ಅಡುಗೆಮನೆ ಮೇಜಿನ ಮೇಲೆ ಸಂಜೆಯವರೆಗೆ ಎಲೆ ಬೀಳುತ್ತಲೇ ಇರಬೇಕು. ಆದರೆ ಇವನ ಪೆಟ್ಟಿಗೆ ಕಂಡ ತಕ್ಷಣ, "ನಿನ್ನ ನೀರಿನ ಆಟ ನೀನೇ ಆಡ್ಕೋ ನಾರ್ಬಿ, ನಂಗೆ ಶೀತ ಆಗತ್ತೆ" ಅನ್ನುವಳು. ಹಿತ್ತಲ ಗಿಡ ಮದ್ದಲ್ಲ ಅಂತ ನಾನು ಇವನನ್ನು ಸಮಾಧಾನ ಮಾಡುತ್ತಿದ್ದೆ. ಇವನು ನಗುತ್ತಿದ್ದ, ಆದರೆ ಮನೆಗೆ ಬಂದು ಆ ಪೆಟ್ಟಿಗೆಯನ್ನು ಕಪಾಟಿಗೆ ತುರುಕುವ ರೀತಿಯಲ್ಲೇ ನನಗೆ ಗೊತ್ತಾಗುತ್ತಿತ್ತು.

ಇನ್ನು ನಾರ್ಬ್ ಬರೆದ ಆ ಕಲಮಿನ, ಅಂದರೆ ಷರತ್ತಿನ, ಕಥೆ. ಆಗ ಆಟ ಕಟ್ಟುವವರೆಲ್ಲ 'ಮುಕ್ತ ಪರವಾನಗಿ' ಅಂತ ಹಚ್ಚಿಕೊಂಡಿದ್ದರು. ಅಂದರೆ, ನನ್ನ ಆಟ ತಗೊಳ್ಳಿ, ಅದರ ಮೇಲೆ ನಿಮ್ಮ ಕಥೆ ಬರೆಯಿರಿ, ಅಚ್ಚು ಹಾಕಿ, ಮಾರಿ, ನನ್ನನ್ನು ಕೇಳಬೇಕಾಗಿಲ್ಲ. ನಾರ್ಬ್ ಕೂಡ ಕೊಟ್ಟ. ಕೊಟ್ಟ ವರ್ಷವೇ ಯಾವನೋ ಪರವೂರಿನವನು ಇವನ ಆಟದ ಮೇಲೆ ಒಂದು ಪುಸ್ತಕ ಮಾಡಿಕೊಂಡು ನಮ್ಮ ಚರ್ಚಿನ ಸಭಾಂಗಣದಲ್ಲಿ ನಡೆದ ಆಟದ ಕೂಟಕ್ಕೇ ತಂದಿಟ್ಟ. ಅದರ ಮೊದಲ ಚಿತ್ರ ನೋಡಿಯೇ ನಾನು ಪುಸ್ತಕ ಮಗುಚಿ ಇಟ್ಟೆ. ಪಾದ್ರಿಯ ಹೆಂಡತಿ ಮಗುಚಲಿಲ್ಲ, ಕೊನೆಯವರೆಗೂ ನೋಡಿ ಆಮೇಲೆ ಕೂಗಾಡಿದಳು. ನಾರ್ಬ್ ನಾಚಿಕೆಯಿಂದ ಭೂಮಿಗಿಳಿದುಹೋದ. ಮನೆಗೆ ಬಂದವನೇ ಪರವಾನಗಿಗೆ ಒಂದು ಕಲಮು ಸೇರಿಸಿದ: 'ನನ್ನ ಅಮ್ಮನ ಅಡುಗೆಮನೆ ಮೇಜಿನ ಮೇಲೆ ಆಡಲಾಗದಂಥದ್ದನ್ನು ಬರೆದವರಿಗೆ ಈ ಪರವಾನಗಿ ರದ್ದು.'

ಅಷ್ಟೇ. ವಕೀಲರಿಲ್ಲ, ಗಿಕೀಲರಿಲ್ಲ. ನಮ್ಮ ಕಡೆಯ ಜನರಿಗೆ ಅದು ಬಹಳ ಹಿಡಿಸಿತು. ಬೇರೆ ಕಂಪನಿಗಳವರು ಸಭ್ಯತೆ ಅಂತ ಪುಟಗಟ್ಟಲೆ ಬರೆದು, ಕೊನೆಗೆ 'ಯಾವುದು ಅಸಭ್ಯ ಅಂತ ನಾವೇ ತೀರ್ಮಾನಿಸುತ್ತೇವೆ' ಅಂತ ಬಾಲ ಕಟ್ಟುತ್ತಿದ್ದರು. ಇವನದ್ದು ಒಂದೇ ಸಾಲು. ಆಮೇಲೆ ಯಾರ ಮೇಲೂ ಅದನ್ನು ಹೂಡುವ ಪ್ರಮೇಯವೇ ಬರಲಿಲ್ಲ. ಟೆಸ್ಸಾ ಬರುವವರೆಗೆ.

ಟೆಸ್ಸಾ ಮಾಲೆಕ್ ನಮ್ಮ ನೆಲಮಾಳಿಗೆಯಲ್ಲೇ ಆಟ ಕಲಿತ ಹುಡುಗಿ. ಪಕ್ಕದೂರು ಟು ರಿವರ್ಸ್‌ನ ವೃದ್ಧಾಶ್ರಮದಲ್ಲಿ ಮುದುಕಿಯರಿಗೆ ಮೀಯಿಸುವ, ಉಣಿಸುವ ಕೆಲಸ ಅವಳದು. ಆಟಕ್ಕೆ ಬಂದರೆ ಮೂಲೆಯಲ್ಲಿ ಕೂತು ಚೀಸು ತಿನ್ನುತ್ತ ಎಲ್ಲರ ಮಾತು ಕೇಳಿಸಿಕೊಳ್ಳುವಳು, ತಾನು ಮಾತಾಡುವುದು ಕಮ್ಮಿ. ನಾರ್ಬ್‌ಗೆ ಅವಳೆಂದರೆ ಅಕ್ಕರೆ. "ನೋಡೇ ಮಾರ್ಲಿಸ್, ಈ ಹುಡುಗಿ ಒಂದಿನ ಬರೀತಾಳೆ" ಅಂತ ಅವನೇ ನನ್ನ ಮುಂದೆ ಹೇಳಿದ್ದ. ಬರೆದಳು. 'ವಿಧವೆಯರ ದೋಣಿ' ಅಂತ ಪುಸ್ತಕ. ಇವನ ಮುಳುಗಿದ ಊರಿನ ಮೇಲೆ, ಇವನ ಪರವಾನಗಿಯಲ್ಲೇ. ಮೊದಲ ಪ್ರತಿ ತಂದು ಇವನ ಕೈಗೇ ಕೊಟ್ಟಳು. ಇವನು ತಬ್ಬಿಕೊಂಡು ಬೆನ್ನು ತಟ್ಟಿದ. ಆಗ ಖುಷಿ ನಿಜವಾದ ಖುಷಿಯೇ.

ಅದು ಎಲ್ಲಿಯವರೆಗೆ? ಪುಸ್ತಕ ಓಡುವವರೆಗೆ. ಓಡಿತು ನೋಡಿ! ಎಲ್ಲೆಲ್ಲಿಯವರೋ ಆಡತೊಡಗಿದರು. ನಾರ್ವೆಯಿಂದ ಪತ್ರ ಬಂತಂತೆ, ಬ್ರೆಜಿಲ್‌ನಲ್ಲಿ ಯಾರೋ ಅದನ್ನು ತಮ್ಮ ನದಿಗೆ ಹೊಂದಿಸಿಕೊಂಡು ಆಡಿದರಂತೆ. ಆ ಬೇಸಿಗೆ ಇಂಡಿಯಾನಾಪೊಲಿಸ್‌ನ ದೊಡ್ಡ ಆಟದ ಕೂಟದಲ್ಲಿ ಅವಳಿಗೆ ಬಹುಮಾನ ಬಂತು. ನಾವೂ ಹೋಗಿದ್ದೆವು. ಅವಳ ಮೇಜಿನ ಮುಂದೆ ಜನ ಬಾಗಿಲವರೆಗೆ ಸಾಲುಗಟ್ಟಿದ್ದರು. ಪಕ್ಕದ ಮೇಜು ನಮ್ಮದು. ನಮ್ಮ ಮುಂದೆ ಬಂದವರು ಒಂದೋ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕೇಳಲು, ಇಲ್ಲವೋ ಶೌಚಾಲಯ ಎಲ್ಲಿ ಅಂತ ಕೇಳಲು. ಕೊನೆಗೊಬ್ಬ ಹುಡುಗ ನಿಂತು ಇವನ ಪೆಟ್ಟಿಗೆ ಎತ್ತಿ ನೋಡಿದ. ನಾರ್ಬ್ ನೆಟ್ಟಗೆ ಕೂತ.

"ಓ, 'ವಿಧವೆಯರ ದೋಣಿ'ಗೆ ಬೇಕಾಗೋ ನಿಯಮಗಳು ಇದರಲ್ಲಿರೋದಾ?" ಅಂದ ಹುಡುಗ. "ಟೆಸ್ಸಾ ಅವರ ಜೊತೆ ನೀವೂ ಕೆಲಸ ಮಾಡಿದ್ರಾ ಸರ್?"

ನನಗೆ ನಗು ತಡೆಯಲಾಗದೆ ಮೇಜಿನ ಕೆಳಗೆ ಏನೋ ಬಿತ್ತು ಅಂತ ಬಗ್ಗಿದೆ. ಎದ್ದು ನೋಡಿದರೆ ನಾರ್ಬ್‌ನ ಕಿವಿ ಕೆಂಪಗೆ ಸುಟ್ಟ ಸಾಸೇಜಿನಂತಾಗಿತ್ತು. "ಹೌದಪ್ಪ, ಸ್ವಲ್ಪ ಸಹಾಯ ಮಾಡ್ದೆ" ಅಂದ. ಮನೆಗೆ ಬರುವ ದಾರಿಯಲ್ಲಿ ಅವನಿಗಿಷ್ಟದ ಕರಿದ ಚೀಸ್ ತುಂಡು ಕೊಡಿಸಿದೆ, ಮುಟ್ಟಲಿಲ್ಲ. ಆಗ ನನಗೆ ದಿಗಿಲಾಯಿತು. ಚೀಸು ಬಿಟ್ಟ ಗಂಡಸನ್ನು ನಮ್ಮ ಕಡೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಡಾಕ್ಟರು ಏನು ಮಾಡಿಯಾರು? ಅವನು ದಿನಾ ಬೆಳಿಗ್ಗೆ ಎದ್ದು ಕಂಪ್ಯೂಟರಿನ ಮುಂದೆ ಕೂತು ಅವಳ ಪುಸ್ತಕದ ಬಗ್ಗೆ ಜನ ಏನು ಬರೆದಿದ್ದಾರೆ ಅಂತ ಓದುತ್ತಿದ್ದ. ಹೊಗಳಿಕೆ ಓದಿದಷ್ಟೂ ಹೊಟ್ಟೆ ಉರಿ, ಹೊಟ್ಟೆ ಉರಿದಷ್ಟೂ ಓದು. "ನಾಯಿ ಹುಣ್ಣು ನೆಕ್ಕಿದ ಹಾಗೆ ಆಯ್ತಲ್ಲೋ ನಿಂದು, ಬಿಡಬಾರದಾ?" ಅಂದೆ. "ನಂಗೇನು ಹೊಟ್ಟೆಕಿಚ್ಚಾ?" ಅಂತ ರೇಗಿದ. "ಅವಳು ಬರೆದದ್ದೆಲ್ಲ ನನ್ನ ಊರಲ್ಲೇ ತಾನೇ? ಬೀದಿ ನಂದು, ಕಂದೀಲು ನಂದು, ನೀರು ನಂದು!" ನೀರೂ ಇವನದಂತೆ. ಕೇಳಿ.

ನಾನೇನು ದೊಡ್ಡ ಸಂತಳಲ್ಲ. ನನಗೂ ಹೊಟ್ಟೆಕಿಚ್ಚು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ನಮ್ಮ ಮದುವೆಯಾದಾಗಿನಿಂದ ಭಾನುವಾರದ ಹಂದಿಮಾಂಸದ ಹ್ಯಾಮು, ಬನ್ನು ಎಲ್ಡೋರಾಳ ಮೇಜಿನ ಮೇಲೆಯೇ ಆಗಬೇಕು. ನಾನು ಮಾಡಿದ ಆಲೂಗಡ್ಡೆ ಪಲ್ಯ ತಿಂದು ಇವನು ಒಂದು ಸಲವೂ 'ಅಮ್ಮನ ಹಾಗಿಲ್ಲ' ಅಂದಿಲ್ಲ. ಅನ್ನದೆಯೇ ಉಪ್ಪಿನ ಡಬ್ಬಿಗೆ ಕೈ ಚಾಚುತ್ತಾನೆ. ಎಲ್ಡೋರಾ ಆಡದೆ ಉಳಿದ ಆಟದ ಒಂದೊಂದು ಪುಟವನ್ನೂ ಟೈಪ್ ಮಾಡಿದವಳು ನಾನು. ಆದರೂ ಇವನ ಕಣ್ಣು ಆ ಮುದುಕಿ ಯಾವಾಗ ಒಂದು ದಾಳ ಎತ್ತಿಕೊಂಡಾಳು ಅಂತ ಕಾಯುವುದನ್ನು ನೋಡಿ ನನ್ನ ಹೊಟ್ಟೆ ಉರಿದಿಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ಹಾಗಾಗಿ ಇವನ ಉರಿ ನನಗೆ ಅರ್ಥವಾಗುತ್ತಿತ್ತು. ಅರ್ಥವಾದದ್ದಕ್ಕೇ ಇನ್ನೂ ಸಿಟ್ಟು ಬರುತ್ತಿತ್ತು.

ಶರತ್ಕಾಲಕ್ಕೆ ಟೆಸ್ಸಾ ಎರಡನೆಯ ಮುದ್ರಣ ಹಾಕಿಸಿದಳು. ಪುಸ್ತಕದ ಪೆಟ್ಟಿಗೆಗಳು ಅವಳ ಪುಟ್ಟ ಮನೆಯ ನಡುಮನೆ ತುಂಬಿ, ಸೋಫಾ ಹೊರಗೆ ಹೋಗಬೇಕಾಯಿತು. ಅದೇ ವಾರ ನಾರ್ಬ್ ಕೆಂಪು ಪೆನ್ನು ಹಿಡಿದುಕೊಂಡು 'ವಿಧವೆಯರ ದೋಣಿ'ಯನ್ನು ಮೊದಲಿಂದ ಓದಲು ಕೂತ. ಮೊದಲು ನನಗೆ ಅರ್ಥವಾಗಲಿಲ್ಲ. ಊಟದ ಹೊತ್ತಿಗೆ ಅರ್ಥವಾಯಿತು.

"ಕೇಳಿಲ್ಲಿ, 'ಅವನ ಒದ್ದೆ ತುಟಿ' ಅಂತ ಬರ್ದಿದಾಳೆ. ನಲವತ್ತನೇ ಪುಟ."

"ಮುಳುಗಿ ಸತ್ತೋನ ತುಟಿ ಒಣಗಿರತ್ತೇನೋ?"

"ತಮಾಷೆ ಬೇಡ ಮಾರ್ಲಿಸ್. ಇದನ್ನ ಅಮ್ಮನ ಮೇಜಿನ ಮೇಲೆ ಆಡೋಕಾಗತ್ತಾ?"

ಓಹೋ, ಅಂದುಕೊಂಡೆ. ಸಂಗತಿ ಇಲ್ಲಿಗೆ ಬಂತು.

ಒದ್ದೆ ತುಟಿಯಲ್ಲಿ ಹುರುಳಿಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೆ ಮುಂದೆ ಇವನಿಗೆ ಬೇಕಾದದ್ದು ಸಿಕ್ಕಿತು. ಟೆಸ್ಸಾಳ ಕಥೆಯಲ್ಲಿ ವಿಧವೆಯರು ದೋಣಿ ಹತ್ತಿ ಸರೋವರದ ನಡುವಿಗೆ ಹೋಗುತ್ತಾರೆ. ಅಲ್ಲಿ ಅವರವರ ಗಂಡಂದಿರು ನೀರೊಳಗಿಂದ ಮೇಲೆ ಬಂದು ದೋಣಿಯ ಅಂಚು ಹಿಡಿಯುತ್ತಾರೆ. ಎಳೆದುಕೊಳ್ಳುವುದೋ ಬಿಡುವುದೋ ಹೆಂಡತಿಯ ಇಷ್ಟ. ಬಿಡಬೇಕೆಂದರೆ ಅಂಚಿನ ಮೇಲಿರುವ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಬಿಡಿಸಿದವಳ ದೋಣಿ ಹಗುರಾಗುತ್ತದೆ, ಅವಳು ಹಾಡುತ್ತ ದಡಕ್ಕೆ ಹೋಗುತ್ತಾಳೆ.

"ಹಾಡ್ತಾಳಂತೆ!" ಅಂತ ನಾರ್ಬ್ ಮೇಜು ಗುದ್ದಿದ. "ಗಂಡನ್ನ ನೀರಿಗೆ ನೂಕಿ ಹಾಡ್ತಾಳೆ! ಇದು ಮದುವೆಗೆ ಅವಮಾನ ಅಲ್ವಾ? ಜೀವನಪೂರ್ತಿ ಗಂಡನ ನೆನಪಲ್ಲಿ ಕೂತಿರೋ ಹೆಂಗಸಿನ ಮುಂದೆ ಇದನ್ನ ಆಡೋದಾ?"

ಮರುದಿನವೇ ಟೆಸ್ಸಾಗೆ ಬರೆದು ಕಳಿಸಿದ: ನಿನ್ನ ಪುಸ್ತಕ ಕಲಮು ಮೀರಿದೆ, ಪರವಾನಗಿ ರದ್ದು, ಮಾರಾಟ ನಿಲ್ಲಿಸು. ನನಗೆ ತೋರಿಸಲೂ ಇಲ್ಲ. ಗೊತ್ತಾದಾಗ ನಾನು ಕೈಯಲ್ಲಿದ್ದ ಸೌಟು ಎಸೆದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಂದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ನೀನು ಅವಳ ಕಾಲ ಕೆಳಗಿನ ನೆಲಾನೇ ಕಿತ್ಕೊಂಡೆಯಲ್ಲೋ!" ಆ ದಿನ ಮಾತ್ರ ಅವನು ಚೆನ್ನಾಗಿ ಊಟ ಮಾಡಿದ. ಅದು ನನಗೆ ಇನ್ನೂ ಅಸಹ್ಯವಾಯಿತು.

ಟೆಸ್ಸಾ ಜಗಳ ಮಾಡುವ ಹುಡುಗಿಯಲ್ಲ. ಪೆಟ್ಟಿಗೆಗಳ ನಡುವೆ ಕೂತು ಅತ್ತಳಂತೆ. ಜಗಳ ಮಾಡಿದವನು ಗ್ಲೆನ್ ಹಾಬೆಕ್. ಗ್ಲೆನ್ ಶಾಲಾ ಬಸ್ಸಿನ ಚಾಲಕನಾಗಿದ್ದವನು, ನಮ್ಮ ಮೇಜಿನ ಅತಿ ಹಳೆಯ ಆಟಗಾರ, ಅತಿ ದೊಡ್ಡ ತಲೆನೋವು. ಪ್ರತಿ ಮೇಜಿಗೂ ಇಂಥವನೊಬ್ಬ ಇದ್ದೇ ಇರುತ್ತಾನೆ: ಆಟದ ನಡುವೆ ನಿಯಮದ ಪುಸ್ತಕ ತೆಗೆದು, 'ಹಾಗಂತ ಬರೆದಿಲ್ಲವಲ್ಲ' ಅನ್ನುವವನು. ಅವನು ಪರವಾನಗಿಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ಮುಖದಲ್ಲಿ ಹಬ್ಬ.

"ನಾರ್ಬ್, ಕಲಮು ನೀನೇ ಬರೆದದ್ದು ತಾನೇ?"

"ಹೌದು, ಏನೀಗ?"

"'ಅಮ್ಮನ ಅಡುಗೆಮನೆ ಮೇಜಿನ ಮೇಲೆ ಆಡಲಾಗದಂಥದ್ದು.' ಆಡಲಾಗದು ಅಂತ ನೀನು ಅಂದುಕೊಂಡದ್ದು ಅಂತ ಎಲ್ಲೂ ಬರೆದಿಲ್ಲ. ಯಾರು ತೀರ್ಮಾನಿಸಬೇಕು ಅಂತಾನೂ ಬರೆದಿಲ್ಲ. ಮೇಜು ಅಂತ ಬರೆದಿದೀಯ. ಮೇಜು ಇದೆ, ಅಮ್ಮ ಇದಾರೆ. ಆಡಿ ನೋಡಬೇಕು. ಆಡೋಕಾದ್ರೆ ಪರವಾನಗಿ ಇದೆ, ಆಗದಿದ್ರೆ ಇಲ್ಲ."

"ಅದು ಸುಮ್ನೆ ಮಾತಿಗೆ ಬರೆದದ್ದು ಮಾರಾಯ!"

"ಆಟದಲ್ಲಿ ನನ್ನ ಮಂತ್ರವಾದಿ ಹಗ್ಗ ತರೋದು ಮರೆತಾಗ 'ಬರೆದಿಲ್ಲ ಅಂದ್ರೆ ಇಲ್ಲ' ಅಂತ ಅವನನ್ನ ಬಾವಿಯಲ್ಲಿ ಸಾಯಿಸಿದೋನು ಯಾರು? ನೀನೇ ಅಲ್ವಾ? ಆ ಸೇಡು ಇವತ್ತಿಗೆ ತೀರ್ತು."

ನಾನು ಜೋರಾಗಿ ನಕ್ಕುಬಿಟ್ಟೆ. ಆಟ ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ: ನಿಯಮದಲ್ಲಿ ತೂತು ಬಿಟ್ಟು, ಆ ತೂತಿನಲ್ಲಿ ತಾನೇ ಸಿಕ್ಕಿಕೊಳ್ಳುವುದು. ನಾರ್ಬ್‌ಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಆದರೆ ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ಬೇರೇನೋ ಹೊಳೆಯಿತು. "ಆಗ್ಲಿ" ಅಂದ. "ಆಡ್ರಿ. ಅಮ್ಮ ಅರ್ಧಕ್ಕೇ ಎದ್ದುಹೋಗ್ತಾಳೆ. ಅವಳಿಗೆ ಹೇಗನ್ಸತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಗ್ಲೆನ್ ಷರತ್ತು ಹಾಕಿದ. ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ. ಬರೆದವರು ಯಾರು, ದೂರು ಕೊಟ್ಟವರು ಯಾರು, ಎಲ್ಡೋರಾಗೆ ಹೇಳಕೂಡದು. ಆಟ ಮುಗಿಯುವವರೆಗೆ ನಾರ್ಬ್ ಆಗಲಿ ಟೆಸ್ಸಾ ಆಗಲಿ ತುಟಿಪಿಟಿಕ್ ಅನ್ನಕೂಡದು. ಕಥೆ ನಡೆಸುವವನು ಗ್ಲೆನ್. ಆಡುವವರು ಎಲ್ಡೋರಾ ಮತ್ತು ನಾನು.

ಭಾನುವಾರ ಚರ್ಚು ಮುಗಿಸಿ ಹೋದೆವು. ಎಲ್ಡೋರಾ ಮೇಜು ಒರೆಸಿ, ಹ್ಯಾಮು ಬನ್ನು ಜೋಡಿಸಿಟ್ಟು, ಕಾಫಿಯ ಪಾತ್ರೆ ಇಟ್ಟುಕೊಂಡು ಕಾದಿದ್ದಳು. ಎಂಬತ್ತೈದು ದಾಟಿದರೂ ಆಕೆಯ ನಾಲಿಗೆಗೆ ಮುಪ್ಪು ಬಂದಿರಲಿಲ್ಲ.

"ಇಸ್ಪೀಟಲ್ವಾ?" ಅಂದಳು ದಾಳಗಳನ್ನು ನೋಡಿ. "ನಾರ್ಬಿ ನೀರಿನ ಆಟವಾ? ಒಲ್ಲೆ ಅಂತ ಹೇಳಿದ್ನಲ್ಲ."

"ಒಂದೇ ಒಂದ್ಸಲ ಎಲ್ಡೋರಾ," ಅಂದ ಗ್ಲೆನ್. "ನೀವು ಒಬ್ಬ ವಿಧವೆ ಆಗ್ಬೇಕು ಅಷ್ಟೇ."

"ಅದೇನು ಹೊಸ ಕೆಲ್ಸವಾ ನನಗೆ?" ಅಂತ ನಕ್ಕು ಕೂತಳು. ನಾರ್ಬ್ ಎದುರಿಗೆ ಕೂತ. ಟೆಸ್ಸಾ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ಪಾಪ, ಅವಳ ನಡುಮನೆಯ ಅಷ್ಟೂ ಪೆಟ್ಟಿಗೆಗಳ ಹಣೆಬರಹ ಆ ಮುದುಕಿಯ ಬಾಯಲ್ಲಿತ್ತು.

ಗ್ಲೆನ್ ಕಥೆ ಚೆನ್ನಾಗಿ ನಡೆಸುತ್ತಾನೆ, ಅದನ್ನು ಒಪ್ಪಬೇಕು. ಕತ್ತಲು ನೀರು, ದೋಣಿಯ ಹುಟ್ಟಿನ ಸದ್ದು, ಕೆಳಗಿಂದ ಕಂದೀಲಿನ ಬೆಳಕು. ನಾನು ನನ್ನ ಪಾತ್ರದ ಗಂಡನನ್ನು ದೋಣಿಗೆ ಎಳೆದುಕೊಂಡೆ, ದಾಳವೂ ಒಲಿಯಿತು. "ಬೇಗ ಒಪ್ಕೊಂಡ್ಬಿಟ್ಟೆಯಲ್ಲೇ, ಸ್ವಲ್ಪ ಕಾಡಿಸಬೇಕಿತ್ತು" ಅಂತ ಎಲ್ಡೋರಾ ನನ್ನನ್ನೇ ಚುಡಾಯಿಸಿದಳು. ಆಕೆಗೆ ಹಿಡಿಸಿತ್ತು. ಬನ್ನಿನ ಚೂರು ಕೈಯಲ್ಲೇ ಮರೆತು ಮುಂದಕ್ಕೆ ಬಾಗಿದ್ದಳು. ಮಗನ ಆಟಕ್ಕೆ ಒಂದು ದಿನವೂ ಹಾಗೆ ಬಾಗದವಳು! ನಾನು ನಾರ್ಬ್‌ನ ಮುಖ ನೋಡಿದೆ. ಉರಿಯುತ್ತಿದ್ದ ಮುಖ.

"ಈಗ ನಿಮ್ಮ ಸರದಿ," ಅಂದ ಗ್ಲೆನ್. "ಒಂದು ಕೈ ನೀರಿಂದ ಮೇಲೆ ಬಂದು ದೋಣಿ ಅಂಚು ಹಿಡೀತು. ನಿಮಗೆ ಗೊತ್ತಿರೋ ಕೈ."

ಎಲ್ಡೋರಾ ಬನ್ನು ತಟ್ಟೆಯಲ್ಲಿಟ್ಟಳು. "ಯಾವ ಕೈ? ಬಲಗೈಯಾ?"

ಗ್ಲೆನ್ ಪುಸ್ತಕ ನೋಡಿದ. "ಬಲಗೈ."

"ಅವನು ಏನಂತಾನೆ?"

ಗ್ಲೆನ್ ಓದಿದ. "'ಬಾಗಿಲು ತೆಗಿ, ನಾನು ಬಂದೆ' ಅಂತಾನೆ. ನಿಮಗೆ ಆ ದನಿ ಕೇಳಿದ ತಕ್ಷಣ ಮೊದಲು ಏನು ನೆನಪಾಗತ್ತೆ ಅಂತ ಹೇಳ್ಬೇಕು. ಆಮೇಲೆ ಎಳ್ಕೊಳ್ತೀರೋ ಬಿಡ್ತೀರೋ ದಾಳ ಹಾಕಿ."

ನಾರ್ಬ್ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಅಮ್ಮ ಎದ್ದುಹೋಗುತ್ತಾಳೆ ಅಂತ ಕಾಯುತ್ತಿದ್ದ. ಎಲ್ಡೋರಾ ಏಳಲಿಲ್ಲ.

"ಬಾಗಿಲ ಚಿಲಕ ಸದ್ದಾದ್ರೆ ನಾನು ಮೊದಲು ಮಗೂನ ಮಹಡಿಗೆ ಕಳಿಸ್ತಿದ್ದೆ, ಆ ಬಲಗೈ ನನ್ನ ಮೇಲೆ ಏಳೋದು ಕಾಣ್ಬಾರ್ದು ಅಂತ," ಅಂದಳು. "ಅದು ನೆನಪಾಗತ್ತೆ. ದಾಳ ಬೇಡ ಗ್ಲೆನ್. ಬಿಟ್ಬಿಡು ಅವನ್ನ."

"ನಿಯಮದ ಪ್ರಕಾರ ದಾಳ..." ಅಂದ ಗ್ಲೆನ್, ಆಮೇಲೆ ಮೊದಲ ಸಲ ತನ್ನ ಬಾಯಿ ತಾನೇ ಮುಚ್ಚಿಕೊಂಡ.

ಎಲ್ಡೋರಾ ಮೇಜಿನ ಅಂಚಿನ ಮೇಲೆ ಕೈಯಿಟ್ಟಳು. ಅಲ್ಲಿಲ್ಲದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು, ಉಂಗುರದ ಬೆರಳು. ಹೆಬ್ಬೆರಳಿಗೆ ಬಂದಾಗ ಆಕೆಗೆ ನಗು ಬಂತು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ಹೋದ," ಅಂದಳು. "ಅಬ್ಬ. ಹೋದ." ಗೋಡೆಯ ಮೇಲೆ ಹಾರ್ಲನ್ ಕೆಂಪು ಗಡ್ಡ ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ. ಪತಿವ್ರತೆ ಅಂತ ಊರೆಲ್ಲ ಹೊಗಳುವಾಗ ಈಕೆ ಯಾಕೆ ಬಾಯಿ ಬಿಡುತ್ತಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಸೊಸೆಯಾಗಿದ್ದು ಗೊತ್ತಾಗಿರಲಿಲ್ಲ.

ಎಲ್ಡೋರಾ ಮೇಜಿನ ಆಚೆಗೆ ಕೈ ಚಾಚಿ ನಾರ್ಬ್‌ನ ಎರಡೂ ಕೈ ಹಿಡಿದುಕೊಂಡಳು. ಆಕೆ ಯಾರ ಕೈಯನ್ನೂ ಹಾಗೆ ಹಿಡಿದವಳಲ್ಲ.

"ನಾರ್ಬಿ, ನಂಗೆ ಗೊತ್ತೇ ಇರ್ಲಿಲ್ಲ ಕಣೋ. ನಿನ್ನ ಆಟದಲ್ಲಿ ಅವನನ್ನ ದೊಡ್ಡ ಮನುಷ್ಯ ಮಾಡಿ ಕೂರ್ಸಿದೀಯ ಅಂತ ಕೇಳಿದ್ದೆ. ಅದಕ್ಕೇ ನಾನು ಆಡ್ತಿರ್ಲಿಲ್ಲ. ಮಗೂಗೆ ಅಪ್ಪ ಹಾಗೇ ಇರ್ಲಿ, ನಾನ್ಯಾಕೆ ಕೆಡಿಸ್ಲಿ ಅಂತ. ನೀನು ಎಲ್ಲಾ ನೋಡಿದ್ದೆ ಅಂತಾಯ್ತು. ನೋಡಿ, ಇಷ್ಟು ಚೆನ್ನಾಗಿ ಬರ್ದಿದೀಯ. ಇಷ್ಟು ವರ್ಷ ನಾನೊಬ್ಳೇ ಅಂದ್ಕೊಂಡಿದ್ನಲ್ಲೋ."

ಟೆಸ್ಸಾ ತಲೆ ತಗ್ಗಿಸಿದಳು. ಅವಳು ಹೇಳುವುದಿಲ್ಲ ಅಂತ ನನಗೆ ಖಾತ್ರಿಯಾಯಿತು. ಗ್ಲೆನ್ ಹೊದಿಕೆಯ ಕಾಗದವನ್ನು ಬಿಗಿಯಾಗಿ ಹಿಡಿದುಕೊಂಡ. ಅವನೂ ಹೇಳುವವನಲ್ಲ. ಟೆಸ್ಸಾಳ ಮೇಜಿನ ಮುಂದಿನ ಸಾಲು, ಅವಳ ಬಹುಮಾನ, ನಾರ್ಬ್ ಆಸೆಪಟ್ಟದ್ದೆಲ್ಲ ಏನೂ ಅಲ್ಲ ಅನ್ನಿಸುವಂಥದ್ದು ಇವನ ಕೈಯೊಳಗೇ ಬಂದು ಕೂತಿತ್ತು. 'ಹೂಂ' ಅಂದರೆ ಸಾಕಿತ್ತು. ಅವನು ಅನ್ನುತ್ತಾನೆ ಅಂತಲೇ ನಾನು ಅಂದುಕೊಂಡೆ. ದೇವರಾಣೆ, ಅನ್ನಲಿ ಅಂತಲೂ ಅಂದುಕೊಂಡೆ.

"ನಾನಲ್ಲಮ್ಮ," ಅಂದ ನಾರ್ಬ್. "ನಾನು ಬರ್ದಿದ್ದಲ್ಲ. ಟೆಸ್ಸಾ ಬರ್ದಿದ್ದು."

"ಹಾಗಾದ್ರೆ ನೀನು ನೋಡಿರ್ಲಿಲ್ವಾ?"

"ಇಲ್ಲಮ್ಮ. ನೀನು ಮಹಡಿಗೆ ಹೋಗು ಅಂತಿದ್ದೆ, ನಾನು ಹೋಗ್ತಿದ್ದೆ."

ಎಲ್ಡೋರಾ ಅವನ ಕೈಯನ್ನು ಮೆಲ್ಲನೆ ತಟ್ಟಿ ಬಿಟ್ಟಳು. ಆಮೇಲೆ ಒಲೆಯ ಕಡೆ ತಿರುಗಿದಳು. "ನಿಂಗೆ ಹೇಗೆ ಗೊತ್ತಾಯ್ತು ಮಗೂ?"

"ನಮ್ಮ ಆಶ್ರಮದ ಅಜ್ಜಿಯರಿಗೆ ಸ್ನಾನ ಮಾಡಿಸುವಾಗ ಅವರೇ ಹೇಳ್ತಾರೆ," ಅಂದಳು ಟೆಸ್ಸಾ. "ಬೆನ್ನು ತಿಕ್ಕುವಾಗ. ಮುಖ ಕಾಣಲ್ವಲ್ಲ, ಅದಕ್ಕೆ."

ಎಲ್ಡೋರಾ ಎದ್ದು, ಅವಳಿಗೊಂದು ತಟ್ಟೆ ತೆಗೆದುಕೊಟ್ಟು, ಹ್ಯಾಮಿನ ಒಳ್ಳೆಯ ತುಂಡು ತಾನೇ ಹಾಕಿದಳು. ನನಗೆ ಆಕೆ ಹಾಗೆ ಯಾವತ್ತೂ ಹಾಕಿಕೊಟ್ಟಿಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಗ್ಲೆನ್ ಗಂಟಲು ಸರಿಮಾಡಿಕೊಂಡು ಕಲಮು, ಪರವಾನಗಿ, ರದ್ದು, ಎಲ್ಲ ವಿವರಿಸಿದ. ಎಲ್ಡೋರಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು.

"ನನ್ನ ಮೇಜಿನ ಮೇಲೆ ಏನು ಆಡ್ಬಹುದು ಅಂತ ನನ್ನನ್ನೇ ಕೇಳ್ದೆ ಬರ್ದಿಟ್ಟಿದೀಯೇನೋ?" ಅಂದಳು ಮಗನಿಗೆ. "ಆ ಹುಡುಗಿ ಪುಸ್ತಕ ಮಾರ್ಲಿ. ಇನ್ನೊಂದು ಬರೀಲಿ. ಈಗ ಎಲ್ರೂ ತಿನ್ರಿ, ಆರಿ ಹೋಗತ್ತೆ."

ತಿಂದೆವು. ನಾರ್ಬ್ ಕೂಡ ತಿಂದ, ಕೊಟ್ಟದ್ದನ್ನೆಲ್ಲ. ಹೊರಡುವಾಗ ಟೆಸ್ಸಾಳ ಹತ್ತಿರ ಹೋಗಿ, "ನಾನು ಕಳಿಸಿದ್ದನ್ನ ಹರಿದು ಹಾಕು" ಅಂದ. ಅವಳು ತಲೆಯಾಡಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಾರಿನಲ್ಲಿ ನಾನು ರೇಡಿಯೋದಲ್ಲಿ ಫುಟ್ಬಾಲ್ ಹಾಕಿದೆ, ಅವನು ಆರಿಸಿದ. ಹಡಗಿಗೆ ದಾರಿ ಬಿಡಲು ಬಂದರಿನ ಸೇತುವೆ ಮೇಲೆದ್ದಿತ್ತು, ಅದು ದಾಟುವವರೆಗೆ ಕಾಯಬೇಕಾಯಿತು.

"ಹೊಟ್ಟೆ ಉರೀತಿದೆ ಕಣೇ ಮಾರ್ಲಿಸ್," ಅಂದ.

"ಇನ್ನೂನಾ? ಎಲ್ಲಾ ಮುಗೀತಲ್ಲೋ."

"ಬಹುಮಾನಕ್ಕಲ್ಲ. ಅದು ಅವಳೇ ಇಟ್ಕೊಳ್ಲಿ." ಸೇತುವೆ ಇಳಿಯಿತು, ಹಿಂದಿನ ಕಾರಿನವನು ಹಾರ್ನ್ ಹೊಡೆದ, ಇವನು ಕದಲಲಿಲ್ಲ. "ಆ ಕಥೇನ ನಾನು ಬರೀಬೇಕಿತ್ತು. ಆ ಮನೇಲಿ ಇದ್ದೋನು ನಾನು."